ತಣ್ಣಗಾದ ಇಲಿ

ಬೆಕ್ಕು ಹಿಡಿದದ್ದಾದರೆ ಕತ್ತಿನ ಹತ್ತಿರ ಗಾಯವಿರಬೇಕಿತ್ತು. ಗಾಯವಿತ್ತೇ? ಕೇಳಲಿಲ್ಲ. ಹಿಡಿದದ್ದನ್ನು ಅರ್ಧವಾದರೂ ತಿನ್ನದೆ ಬೆಕ್ಕು ಬಿಟ್ಟೀತೇ? ಹೊಟ್ಟೆ ತುಂಬಿದ್ದರೆ ಬಿಟ್ಟೀತು. ಅಥವಾ ಮುದಿ ಇಲಿಯೇ ಇರಬಹುದು. ಇಲಿಗಳಿಗೂ ಮುಪ್ಪು ಬರುತ್ತದಲ್ಲ. ಸತ್ತ ಇಲಿಯೆಲ್ಲ ಪ್ಲೇಗಿನಿಂದಲೇ ಸಾಯಬೇಕೆಂದು ಎಲ್ಲಿ ಬರೆದಿದೆ?

ಮೂರನೇ ತರಗತಿಗೆ ಮಗ್ಗಿ ಬರೆಯಲು ಹೇಳಿ ಮುನಿಕೃಷ್ಣಪ್ಪ ಮೇಷ್ಟ್ರು ಕಿಟಕಿಯ ಬಳಿ ನಿಂತಿದ್ದ. ಅಲ್ಲಿಂದ ಹೊಂಗೆಮರ ಕಾಣುತ್ತಿತ್ತು. ಮರಕ್ಕೆ ತೂಗುಹಾಕಿದ ಕಪ್ಪು ಹಲಗೆ ಕಾಣುತ್ತಿತ್ತು. ಹಲಗೆಯ ಮೇಲೆ ಶನಿವಾರ ಅವನೇ ಸುಣ್ಣದ ಕಡ್ಡಿಯಲ್ಲಿ ಬರೆದ ಸಾಲು ಹಾಗೇ ಇತ್ತು.

ಇಲಿ ಸತ್ತು ತಣ್ಣಗಾದ ಮೇಲೆ ಅದರ ಮೈಮೇಲೆ ಒಂದು ಚಿಗಟವೂ ನಿಲ್ಲುವುದಿಲ್ಲ.

ಆ ದಿನ ಬೆಳಿಗ್ಗೆ, ಮುದ್ದೆ ಉಂಡು ಕೈತೊಳೆಯುತ್ತಿದ್ದಾಗ, ಮನೆಯೊಡತಿ ಗಂಗಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಅವನನ್ನು ಮೆಲ್ಲಗೆ ಕರೆದಿದ್ದಳು.

"ಮೇಷ್ಟ್ರೇ, ಒಂದ್ ವಿಷ್ಯ. ನಮ್ಮೋರಿಗೂ ಹೇಳಿಲ್ಲ. ಸೊಪ್ಪಿನ ಬುಟ್ಟಿ ಹಿಂದೆ ಇಲಿ ಬಿದ್ದಿತ್ತು."

ಅವನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

"ಗಾಬ್ರಿ ಆಗ್ಬೇಡಿ. ಕೈಯಿಂದ ಮುಟ್ಟಿ ನೋಡ್ದೆ. ತಣ್ಣಗಿತ್ತು, ಕಲ್ಲಿನ ಥರ. ನೀವೇ ಬರ್ದಿದ್ರಲ್ಲ. ಬಾಲ ಹಿಡ್ದು ಎತ್ತಿ ತಿಪ್ಪೇಲಿ ಹೂತ್ಹಾಕಿ ಬಂದೆ. ಮೊದ್ಲಾಗಿದ್ರೆ ಊರೆಲ್ಲ ಕೂಗಾಡ್ತಿದ್ದೆ." ಅವಳು ನಕ್ಕಳು. "ಓದಿದ್ದು ಒಂದ್ ದಿನಕ್ಕಾದ್ರೂ ಉಪಯೋಗಕ್ಕೆ ಬಂತು ನೋಡಿ."

ಅವನು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ಯಾರಿಗೂ ಹೇಳ್ಬೇಡಿ. ಇನ್ ಐದೇ ದಿನ. ರೇಷ್ಮೆಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟಲಿ. ಆಮೇಲೆ ನಾನೇ ಪಟೇಲ್ರಿಗೆ ಹೇಳ್ತೀನಿ. ಸರೀನಾ?"

ಅವನು ತಲೆಯಾಡಿಸಿದ. ಆಡಿಸಿದ್ದು ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಾಗಲಿಲ್ಲ. ಅವಳು ಹೌದೆಂದೇ ತಿಳಿದು ಒಳಗೆ ಹೋದಳು.

ಅದು ಸಾವಿರದ ಒಂಬೈನೂರ ಮೂವತ್ತನಾಲ್ಕನೇ ಇಸವಿ, ದೀಪಾವಳಿ ಕಳೆದ ಚಳಿ. ತಾಯಲೂರಿನಿಂದ ಎರಡು ಮೈಲಿ ಒಳಗಿದ್ದ ಆ ಹಳ್ಳಿಗೆ ಮುನಿಕೃಷ್ಣಪ್ಪ ಬಂದು ಒಂದೂವರೆ ವರ್ಷವಾಗಿತ್ತು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಕೆಲಸಕ್ಕೆ ಅಲೆದು, ಕೊನೆಗೆ ಸಿಕ್ಕಿದ್ದು ಈ ಒಂದು ಕೋಣೆಯ ಶಾಲೆ. ಸೊಣ್ಣಪ್ಪ ಮತ್ತು ದೊಡ್ಡಗಂಗಮ್ಮ ದಂಪತಿಯ ಮನೆಯ ಮುಂಭಾಗದ ಕೋಣೆಯಲ್ಲಿ ಇದ್ದ. ಊಟವೂ ಅಲ್ಲೇ. ಮಕ್ಕಳಿಲ್ಲದ ಮನೆ. ದೊಡ್ಡಗಂಗಮ್ಮನನ್ನು ಊರೆಲ್ಲ ಗಂಗಕ್ಕ ಎನ್ನುತ್ತಿತ್ತು. ಅವನೂ ಅಕ್ಕ ಎನ್ನುತ್ತಿದ್ದ.

ಅವನು ಹೆಚ್ಚು ಮಾತಿನವನಲ್ಲ. ಜಗಲಿಯ ಮೇಲೆ ಕೂತು ನಾಲ್ಕು ಜನರ ಜೊತೆ ಹರಟಲು ಬಾರದು. ಆದರೆ ಓದಿದ್ದೆಲ್ಲ ತಲೆಯಲ್ಲಿ ಕೊಳೆಯುತ್ತಿತ್ತು. ಒಂದು ಹಳೆಯ ಬಾಗಿಲ ಹಲಗೆಗೆ ದೀಪದ ಮಸಿ ಬಳಿದು ಹೊಂಗೆಮರಕ್ಕೆ ಕಟ್ಟಿ, ಪ್ರತಿ ಶನಿವಾರ ಒಂದು ಸೋಜಿಗ ಬರೆಯತೊಡಗಿದ. ನಾವು ಕಾಣುವ ಬಿಸಿಲು ಸೂರ್ಯನನ್ನು ಬಿಟ್ಟು ಎಂಟು ನಿಮಿಷವಾಗಿರುತ್ತದೆ. ಹಾವಿಗೆ ಹೊರಕಿವಿಯಿಲ್ಲ. ಒಂದು ರೇಷ್ಮೆ ಗೂಡಿನಲ್ಲಿರುವುದು ಒಂದೇ ಎಳೆ, ಬಿಚ್ಚಿ ಹಿಡಿದರೆ ಕಾಲು ಮೈಲಿಯ ಹತ್ತಿರ.

ಮೊದಮೊದಲು ಊರಿನವರು ಗೇಲಿ ಮಾಡಿದರು. "ಎಂಟು ನಿಮಿಷ ಹಳೇ ಬಿಸಿಲಲ್ಲಿ ರಾಗಿ ಒಣಗುತ್ತಾ ಮೇಷ್ಟ್ರೇ, ಇಲ್ಲ ಹೊಸದು ಬರೋತನಕ ಕಾಯಣಾ?" ಎಂದು ಸೊಣ್ಣಪ್ಪ ಬಾವಿಕಟ್ಟೆಯ ಮೇಲೆ ಎಲ್ಲರೆದುರು ಕೇಳಿದ್ದ. ಆದರೆ ಗಂಗಕ್ಕ ಗೇಲಿ ಮಾಡಲಿಲ್ಲ. ಆ ಊರಿನ ಹೆಂಗಸರಲ್ಲಿ ಓದು ಬರುತ್ತಿದ್ದುದು ಅವಳೊಬ್ಬಳಿಗೇ. ಶ್ರೀನಿವಾಸಪುರದ ತವರಿನಲ್ಲಿ ಮೂರನೇ ಕ್ಲಾಸಿನ ತನಕ ಕಲಿತಿದ್ದಳು. ಶನಿವಾರ ನೀರಿಗೆ ಹೋಗುವಾಗ ಬಿಂದಿಗೆಯನ್ನು ಸೊಂಟಕ್ಕೆ ಒರಗಿಸಿ ಹಲಗೆಯ ಮುಂದೆ ನಿಲ್ಲುತ್ತಿದ್ದಳು. ತುಟಿ ಅಲ್ಲಾಡಿಸುತ್ತ, ಅಕ್ಷರ ಕೂಡಿಸುತ್ತ, ಇಡೀ ಸಾಲು ಓದಿ ಮುಗಿಸಿ, ಅಲ್ಲಿದ್ದ ಉಳಿದ ಹೆಂಗಸರಿಗೆ ಜೋರಾಗಿ ಹೇಳುತ್ತಿದ್ದಳು. ಕಿಟಕಿಯಿಂದ ಅವನು ಅದನ್ನು ನೋಡುತ್ತಿದ್ದ. ಕ್ರಮೇಣ ಅವನು ಬರೆಯುತ್ತಿದ್ದುದು ಆ ಒಬ್ಬಳಿಗಾಗಿ.

ಅವನಿಗೊಂದು ಅಭ್ಯಾಸ ಹತ್ತಿತ್ತು. ಸೋಜಿಗವನ್ನು ಎರಡು ತುಂಡು ಮಾಡುವುದು. ಅರ್ಧ ಈ ಶನಿವಾರ, ಅರ್ಧ ಮುಂದಿನ ಶನಿವಾರ. ರೇಷ್ಮೆ ಚಿಟ್ಟೆಗೆ ಹೊಟ್ಟೆಯುಂಟು, ಉಣ್ಣುವ ಬಾಯಿಲ್ಲ ಎಂದು ಬರೆದು ನಿಲ್ಲಿಸಿದ ವಾರ ಗಂಗಕ್ಕ ಅನ್ನ ಬಡಿಸುವಾಗೆಲ್ಲ ಕೇಳಿದ್ದಳು: "ಮತ್ತೆ ಹೆಂಗ್ ಬದುಕುತ್ತೆ? ಹೇಳಿ ಮೇಷ್ಟ್ರೇ, ಒಂದ್ ವಾರ ನಂಗೆ ತಡಿಯಕ್ಕಾಗಲ್ಲ." ಅವನು ಹೇಳಲಿಲ್ಲ. ಹುಳುವಾಗಿದ್ದಾಗ ತಿಂದದ್ದನ್ನೇ ನಂಬಿಕೊಂಡು ನಾಲ್ಕಾರು ದಿನ ಬದುಕಿ ಸಾಯುತ್ತದೆ ಎಂದು ಮುಂದಿನ ಶನಿವಾರ ಬರೆದಾಗ ಅವಳು ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆ ಕಾಯಿಸುವಿಕೆಯಲ್ಲಿ ಅವನಿಗೊಂದು ಸುಖವಿತ್ತು.

ಈ ಸಲ ಮಾಲೂರಿನ ಕಡೆ ಇಲಿ ಬಿದ್ದಿದೆ ಎಂಬ ಸುದ್ದಿ ಸಂತೆಯಿಂದ ಬಂದಿತ್ತು. ಇಲಿ ಬಿದ್ದರೆ ಏನು ಮಾಡಬೇಕೆಂಬುದು ಆ ಕಡೆಯ ಮಕ್ಕಳಿಗೂ ಗೊತ್ತು. ಒಂದು ಮನೆಯಲ್ಲಿ ಒಂದೇ ಇಲಿ ಬಿದ್ದರೂ ಸಾಕು, ಪಟೇಲನಿಗೆ ಹೇಳಬೇಕು. ಸಂಜೆಯೊಳಗೆ ಊರು ಖಾಲಿಯಾಗಬೇಕು. ಹೊಲದಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡು ಒಂದೂವರೆ ಎರಡು ತಿಂಗಳು ಅಲ್ಲೇ ಇರಬೇಕು. ಇಲಿ ಬಿದ್ದ ಮನೆಯ ಹೆಂಚು ತೆಗೆದು ಒಳಗೆ ಬಿಸಿಲು ಬಿಡಬೇಕು.

ಜನ ಹೆದರಿದ್ದರು. ಕೋಲಾರದಿಂದ ತಂದ ಒಂದು ಪುಸ್ತಕದಲ್ಲಿ ಅವನು ಓದಿದ್ದ: ರೋಗವನ್ನು ತರುವುದು ಇಲಿಯ ಹೆಣವಲ್ಲ, ಅದರ ಮೈಮೇಲಿನ ಚಿಗಟ. ಇಲಿ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೊಂದು ಬೆಚ್ಚನೆಯ ಮೈ ಹುಡುಕುತ್ತ ಹೋಗುತ್ತವೆ. ಹತ್ತಿರ ಇನ್ನೊಂದು ಇಲಿ ಸಿಗದಿದ್ದರೆ ಮನುಷ್ಯ. ಹೆಣ ತಣ್ಣಗಿದೆಯೆಂದರೆ ಚಿಗಟ ಆಗಲೇ ಮನೆಯೊಳಗೆ ಚೆದುರಿದೆಯೆಂದು ಅರ್ಥ. ಎಷ್ಟು ಒಳ್ಳೆಯ ಸೋಜಿಗ ಎಂದುಕೊಂಡಿದ್ದ. ಅರ್ಧ ಬರೆದು, ಹಾಗಾದರೆ ಚಿಗಟ ಎಲ್ಲಿಗೆ ಹೋಯಿತು ಎಂಬ ಅರ್ಧವನ್ನು ಮುಂದಿನ ಶನಿವಾರಕ್ಕೆ ಉಳಿಸಿದ್ದ.

ಸೋಮವಾರ ಇಲಿ ಬಿತ್ತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವನು ವಾಕ್ಯವನ್ನು ಕಟ್ಟಿಕೊಂಡಿದ್ದ. ಅಕ್ಕ, ನಾನು ಬರೆದದ್ದು ಪೂರ್ತಿಯಲ್ಲ. ಇಷ್ಟೇ ಸಾಕು. ಬಾಗಿಲಲ್ಲಿ ನಿಂತಾಗ ಒಳಗಿನಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು ಬಂತು. ನಡುಮನೆಯಲ್ಲಿ ಬಿದಿರಿನ ಹಂದರ, ಹಂದರದ ತುಂಬ ತಟ್ಟೆಗಳು, ತಟ್ಟೆಗಳ ತುಂಬ ನಾಲ್ಕನೇ ಜ್ವರ ಎದ್ದ ಹುಳು. ರೇಷ್ಮೆಯವರು ಹುಳು ಪೊರೆ ಬಿಡುವುದನ್ನು ಜ್ವರ ಎನ್ನುತ್ತಾರೆ. ಜ್ವರದಲ್ಲಿ ತಲೆಯೆತ್ತಿ ಅಲ್ಲಾಡದೆ ನಿಲ್ಲುವ ಹುಳು, ಎದ್ದ ಮೇಲೆ ಎಡೆಬಿಡದೆ ತಿನ್ನುತ್ತದೆ. ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು. ಹಂದರದ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು.

ಗಂಗಕ್ಕ ಆ ಹಂದರದ ಬುಡದಲ್ಲಿ ಬರಿಗಾಲಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದಳು.

ಹಿಂದಿನ ಎರಡು ಬೆಳೆಯೂ ಸುಣ್ಣಕಟ್ಟು ರೋಗಕ್ಕೆ ತುತ್ತಾಗಿ ಹೋಗಿತ್ತು. ಹುಳುಗಳೆಲ್ಲ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗಿ ಸತ್ತಿದ್ದವು. ಇದೂ ಹೋದರೆ ಹಿಪ್ಪುನೇರಳೆಯನ್ನೆಲ್ಲ ಕಿತ್ತು ರಾಗಿ ಹಾಕುತ್ತೇನೆ ಎಂದು ಸೊಣ್ಣಪ್ಪ ಹೇಳಿಬಿಟ್ಟಿದ್ದ. ಗುಡಿಸಲಿಗೆ ಹುಳು ಸಾಗಿಸಿದರೆ ಗಾಳಿಗೆ, ಚಳಿಗೆ, ಇರುವೆಗೆ ಒಂದೂ ಉಳಿಯುವುದಿಲ್ಲ.

"ನೋಡಿ ಮೇಷ್ಟ್ರೇ," ಅಂದಳು, ಒಂದು ತಟ್ಟೆಯನ್ನು ಮುಂದೆ ಎಳೆದು. "ಒಂದಾದ್ರೂ ಸೊರಗಿದೆಯಾ? ಈ ಸಲ ಗೂಡು ಗೋಲಿ ಥರ ಬರುತ್ತೆ."

"ಅಕ್ಕ," ಅಂದ.

"ಏನು?"

"ಚೆನ್ನಾಗಿವೆ."

ಅವನು ತನ್ನ ಕೋಣೆಗೆ ಹೋದ. ಈಗ ಹೇಳಿ ಏನು ಪ್ರಯೋಜನ, ಚಿಗಟ ಚೆದುರಿದ್ದರೆ ಚೆದುರಿಯೇ ಹೋಗಿದೆ ಎಂದುಕೊಂಡ. ಆಮೇಲೆ, ಹಾಗಿದ್ದರೆ ಈಗಲೇ ಹೊರಡಬೇಕಲ್ಲ ಎಂದುಕೊಂಡ. ಆಮೇಲೆ, ಅದು ಪ್ಲೇಗಿನ ಇಲಿಯೇ ಆಗಿದ್ದರೆ ಇನ್ನೊಂದು ಬೀಳಬೇಕಿತ್ತು, ಬಿದ್ದ ಕೂಡಲೇ ಹೇಳುತ್ತೇನೆ ಎಂದುಕೊಂಡ. ಈ ಮೂರನೆಯದು ಅವನಿಗೆ ಹಿತವಾಗಿತ್ತು. ಅದನ್ನೇ ಹಿಡಿದುಕೊಂಡ.

ಹಿಡಿದುಕೊಂಡು ಸುಮ್ಮನೆ ಕೂರಲೂ ಆಗಲಿಲ್ಲ. ಮಂಗಳವಾರ ತನ್ನ ಮಂಚದ ನಾಲ್ಕು ಕಾಲುಗಳ ಕೆಳಗೆ ನಾಲ್ಕು ಬಟ್ಟಲಿಟ್ಟು ನೀರು ತುಂಬಿ, ಮೇಲೆ ಸೀಮೆಎಣ್ಣೆ ಬಿಟ್ಟ. ಮೊಣಕಾಲಿನ ತನಕ ಸೀಮೆಎಣ್ಣೆ ಸವರಿಕೊಂಡ. ಶಾಲೆಗೆ ಹೋಗುವ ಮುಂಚೆ ಬಾಗಿಲು ಹಾಕಿಕೊಂಡು, ಗಡ್ಡೆ ಎದ್ದಿದೆಯೇ ಎಂದು ಕಂಕುಳು, ತೊಡೆಯ ಸಂದು ಒತ್ತಿ ನೋಡಿಕೊಂಡ. ಬುಧವಾರವೂ ನೋಡಿಕೊಂಡ. ಪಾಠ ಮಾಡುವಾಗ ಪಾದದ ಮೇಲೆ ಏನೋ ಹರಿದಂತಾಗಿ ಬಗ್ಗಿ ನೋಡಿದ. ಪಂಚೆಯ ಅಂಚು.

ಗುರುವಾರ ಕಸ ಗುಡಿಸಲು ಬಂದ ಗಂಗಕ್ಕ ಮಂಚವನ್ನು ನೋಡಿ ಪೊರಕೆ ಹಿಡಿದೇ ನಕ್ಕಳು. "ಏನ್ ಮೇಷ್ಟ್ರೇ ಇದು? ನಿಮಗೂ ಇರುವೆ ಹತ್ತುತ್ತಾ? ನೀವೇನ್ ಹುಳುವಾ?" ಹೊರಗೆ ತಿರುಗಿ ಗಂಡನನ್ನು ಕರೆದಳು. "ಏನ್ರೀ, ಬನ್ನಿ ಇಲ್ಲಿ, ಮೇಷ್ಟ್ರು ಹಂದರ ಹತ್ತವ್ರೆ!"

ಸೊಣ್ಣಪ್ಪ ಬಾಗಿಲಲ್ಲಿ ಇಣುಕಿದ. "ಸರೇ ಸರೇ. ಹುಳಕ್ಕೆ ಆಗಲ್ಲ ಅಂತ ನನ್ನ ಹೊಗೆಸೊಪ್ಪು ಬಿಡಿಸಿ, ಈ ಮನೇಲಿ ಈಗ ಸೀಮೆಎಣ್ಣೆ ವಾಸ್ನೆ. ಸೊಪ್ಪು ಹಾಕೇ ಮೇಷ್ಟ್ರಿಗೂ, ಗೂಡು ಕಟ್ಟಲಿ."

ಇಬ್ಬರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಅವಳ ಪಾದದ ಕಡೆ ನೋಡಿದ. ಹಿಮ್ಮಡಿಯ ಮೇಲುಗಡೆ ಎರಡು ಮೂರು ಕೆಂಪು ಚುಕ್ಕಿಗಳಿದ್ದವು. ಸೊಳ್ಳೆಯಿರಬಹುದು. ಸೊಪ್ಪಿನ ತೋಟದಲ್ಲಿ ಏನು ಬೇಕಾದರೂ ಕಚ್ಚುತ್ತದೆ.

ಆಗ ಹೇಳಬಹುದಿತ್ತು. ಆದರೆ ಈಗ ಹೇಳುವುದೆಂದರೆ ಬಟ್ಟಲುಗಳ ಕಾರಣವನ್ನೂ ಹೇಳಬೇಕು. ಮೂರು ದಿನ ತನ್ನ ಕಾಲಿಗೆ ಸವರಿಕೊಂಡದ್ದನ್ನು ಅವಳ ಕಾಲಿಗೆ ಯಾಕೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಸೋಮವಾರ ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದದ್ದು ದಿನ ಕಳೆದಂತೆ ಉದ್ದವಾಗುತ್ತ ಹೋಗಿತ್ತು.

ಶನಿವಾರ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಸದ್ದಿರಲಿಲ್ಲ. ಅವನು ಓಡಿ ನಡುಮನೆಯ ಬಾಗಿಲಿಗೆ ಬಂದ. ಹುಳುಗಳು ಹಣ್ಣಾಗಿದ್ದವು. ತಿನ್ನುವುದನ್ನು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಗಂಗಕ್ಕ ಒಂದೊಂದನ್ನೇ ಆಯ್ದು ಚಂದ್ರಿಕೆಯ ಮೇಲೆ ಬಿಡುತ್ತಿದ್ದಳು. ಬಿದಿರಿನ ಆ ಅಗಲವಾದ ಚಾಪೆಯ ಸುರುಳಿಗಳಲ್ಲಿ ಆಗಲೇ ಕೆಲವು ಹುಳು ನೂಲು ಬಿಡತೊಡಗಿದ್ದವು. ಅವಳ ಕೆನ್ನೆ ಕೆಂಪಾಗಿತ್ತು. ಸಂತೋಷಕ್ಕಿರಬೇಕು.

ಅವನು ಶಾಲೆಗೆ ಹೋಗಿ ಹಲಗೆ ಒರೆಸಿದ. ಸುಣ್ಣದ ಕಡ್ಡಿ ಹಿಡಿದು ನಿಂತ. ಬರೆದರೆ ಅವಳು ಓದುತ್ತಾಳೆ. ಅವಳೇ ಜೋರಾಗಿ ಓದಿ ಎಲ್ಲರಿಗೂ ಹೇಳುತ್ತಾಳೆ. ಹೇಳುತ್ತ ಹೇಳುತ್ತ ನಡುವೆ ನಿಲ್ಲುತ್ತಾಳೆ. ಆ ನಿಲ್ಲುವುದನ್ನು ಕಿಟಕಿಯಿಂದ ನೋಡಬೇಕಾಗುತ್ತದೆ. ಅವನ ಕೈ ಮೇಲೆದ್ದು ಬರೆಯಿತು.

ಧ್ರುವ ನಕ್ಷತ್ರದ ಇಂದಿನ ಬೆಳಕು ಹೊರಟಾಗ ನಮ್ಮ ಅಜ್ಜಂದಿರೂ ಹುಟ್ಟಿರಲಿಲ್ಲ.

ಹೊತ್ತು ಏರಿದ ಮೇಲೆ ಅವಳು ಬಂದಳು. ಬಿಂದಿಗೆಯನ್ನು ಸೊಂಟಕ್ಕಲ್ಲ, ಮರಕ್ಕೆ ಒರಗಿಸಿದಳು. ಓದಿದಳು. ಮತ್ತೊಮ್ಮೆ ಓದಿದಳು. ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡಳು.

"ಉಳಿದರ್ಧ ಎಲ್ಲಿ ಮೇಷ್ಟ್ರೇ?"

"ಯಾವುದರದು?"

"ಚಿಗಟದ್ದು. ಅಲ್ಲಿಂದ ಎಲ್ಲಿಗ್ ಹೋಗ್ತವೆ ಅಂತ ಈ ವಾರ ಬರೀತೀರ ಅಂದ್ಕೊಂಡಿದ್ದೆ."

ಅವಳು ಹಣೆಯನ್ನು ಸರಳಿಗೆ ಒತ್ತಿದಳು. ಕಣ್ಣು ಕೆಂಪಾಗಿ, ರೆಪ್ಪೆ ಭಾರವಾಗಿತ್ತು.

"ಮುಂದಿನ ವಾರ," ಅಂದ.

"ಅಯ್ಯೋ, ನಿಮ್ಮ ಕಾಯ್ಸೋ ಚಟ," ಎಂದು ನಕ್ಕು ತಿರುಗಿದಳು. ಬಿಂದಿಗೆ ಎತ್ತಿಕೊಂಡು ಹತ್ತು ಹೆಜ್ಜೆ ಹೋಗಿ ಕುಸಿದು ಕೂತಳು. ಬಿಂದಿಗೆ ಉರುಳಿ ಕಲ್ಲಿಗೆ ಬಡಿದ ಸದ್ದಿಗೆ ಮಗ್ಗಿ ಹೇಳುತ್ತಿದ್ದ ತರಗತಿ ನಿಂತುಹೋಯಿತು.

ಮನೆಗೆ ಕರೆತಂದಾಗ ಮೈ ಕೆಂಡದಂತಿತ್ತು. ಸೊಣ್ಣಪ್ಪನಿಗೆ ತಮಾಷೆಯಿನ್ನೂ ಬಿಟ್ಟಿರಲಿಲ್ಲ, ಅಥವಾ ಹೆದರಿ ತಮಾಷೆಯನ್ನೇ ಹಿಡಿದುಕೊಂಡಿದ್ದ. "ಹುಳಕ್ಕೆ ಜ್ವರ ಬಿಟ್ಟು ಸಾಕಿದೋಳ್ಗೆ ಹತ್ತಿತಾ? ಎದ್ದೇಳೇ, ಚಂದ್ರಿಕೆ ನೋಡೋರ್ಯಾರು?" ಸಂಜೆಗೆ ತೊಡೆಯ ಸಂದಿನಲ್ಲಿ ಗಡ್ಡೆ ಕಾಣಿಸಿತು. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಭಾನುವಾರ ಪಟೇಲ ವೆಂಕಟರಮಣಪ್ಪ ಬಂದು ಅಂಗಳದ ಆಚೆಯೇ ನಿಂತು ಕೇಳಿದ. "ಇಲಿ ಬಿದ್ದಿತ್ತಾ ಈ ಮನೇಲಿ?"

ಸೊಣ್ಣಪ್ಪ ಇಲ್ಲವೆಂದ. ಒಳಗಿನಿಂದ ಗಂಗಕ್ಕ ಹೌದೆಂದಳು. ಸೋಮವಾರ ಬಿದ್ದಿತ್ತು, ನಾನೇ ಎತ್ತಿ ಹಾಕಿದೆ, ಯಾರಿಗೂ ಹೇಳಲಿಲ್ಲ ಎಂದಳು.

"ಒಂದ್ ಮಾತು ಹೇಳಿದ್ರೆ ಅವತ್ತೇ ಊರು ಬಿಡಿಸ್ತಿದ್ದೆ ಕಣಮ್ಮಾ," ಎಂದ ಪಟೇಲ. ಅವನ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. "ಯಾರಿಗೂ ಹೇಳಲಿಲ್ಲ ಅಂತೀಯಲ್ಲ! ಮನೇಲಿ ಓದಿದ ಮೇಷ್ಟ್ರಿದ್ರು. ಅವ್ರಿಗಾದ್ರೂ ಹೇಳ್ಬಾರ್ದಾಗಿತ್ತಾ?"

ಮುನಿಕೃಷ್ಣಪ್ಪ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಒಳಗಿನಿಂದ ಉತ್ತರ ಬರಲಿಲ್ಲ.

ಆ ಮಧ್ಯಾಹ್ನ ಊರು ಖಾಲಿಯಾಯಿತು. ಗಾಡಿಗಳಲ್ಲಿ ಪಾತ್ರೆ, ರಾಗಿಮೂಟೆ, ಕೋಳಿ, ಮುದುಕರು. ಚಂದ್ರಿಕೆಗಳನ್ನು ಮುಟ್ಟಲು ಯಾರೂ ಬಿಡಲಿಲ್ಲ. ನೂಲು ಬಿಡುತ್ತಿದ್ದ ಹುಳುಗಳನ್ನು ಹಾಗೇ ಬಿಟ್ಟು ಸೊಣ್ಣಪ್ಪ ಬಾಗಿಲಿಗೆ ಬೀಗ ಹಾಕಿದ. ಹೆಂಚು ತೆಗೆಯುವುದು ಆಮೇಲೆ ಎಂದರು. ಆ ಮನೆಯ ಸೂರು ಹತ್ತಲು ಯಾರೂ ಮುಂದೆ ಬರಲಿಲ್ಲ.

ಗಂಗಕ್ಕನ ಗುಡಿಸಲು ಉಳಿದವರಿಂದ ದೂರ, ಕೆರೆಯ ಅಂಗಳದ ಅಂಚಿನಲ್ಲಿತ್ತು. ಮಾರನೆಯ ದಿನ, ಸೋಮವಾರ, ಅವಳು ಮೇಷ್ಟ್ರನ್ನು ಕರೆಯುತ್ತಿದ್ದಾಳೆಂದು ಸೊಣ್ಣಪ್ಪ ಬಂದು ಹೇಳಿದ. ಅವನು ಹೋಗಿ ಹತ್ತು ಮಾರು ದೂರದಲ್ಲಿ ನಿಂತ. ಗುಡಿಸಲಿನ ಬಾಯಿಂದ ಅವಳ ಕಾಲುಗಳಷ್ಟೇ ಕಾಣುತ್ತಿದ್ದವು. ಸೊಣ್ಣಪ್ಪ ನೀರು ತರಲು ಕೆರೆಗೆ ಇಳಿದ.

"ಇಲಿ ವಿಷ್ಯ ನಿಮಗೆ ಹೇಳಿದ್ದೆ ಅಂತ ನಾನು ಯಾರಿಗೂ ಹೇಳಿಲ್ಲ," ಎಂದಳು. ದನಿ ಒಣಗಿತ್ತು. "ನೀವೂ ಹೇಳ್ಬೇಡಿ. ಊರೋರು ನಿಮ್ ಮೇಲೆ ಬೀಳ್ತಾರೆ."

ಅವನು ಕೆರೆಯ ಕಡೆ ನೋಡಿದ.

"ಮಲ್ಗಿ ಮಲ್ಗಿ ಅದೇ ಯೋಚ್ನೆ ಮೇಷ್ಟ್ರೇ. ಅದು ಬೆಚ್ಚಗಿತ್ತೇನೋ. ಬೆಳಗ್ಗೆ ಚಳಿ, ನೀರಲ್ಲಿ ನೆನೆದ ಕೈ. ನಂಗೆ ತಣ್ಣಗಿದ್ದಂಗೆ ಅನ್ನಿಸ್ತು. ಹೊಟ್ಟೆ ಕೆಳಗೆ ಒಂಚೂರು ಬಿಸಿ ಇತ್ತೋ ಏನೋ. ಸರಿಯಾಗಿ ಮುಟ್ಟಿ ನೋಡ್ಬೇಕಾಗಿತ್ತು. ನೀವು ಅಷ್ಟು ಚೆನ್ನಾಗಿ ಬರ್ದಿದ್ರಿ."

ಅವನ ಬಾಯಲ್ಲಿ ಇಡೀ ವಾಕ್ಯವಿತ್ತು. ಕೆರೆಯ ಕಡೆಯಿಂದ ಸೊಣ್ಣಪ್ಪ ಮೇಲೆ ಬರುತ್ತಿದ್ದ.

"ನೀರು ಕುಡೀರಿ ಅಕ್ಕ," ಅಂದ. "ಹೆಚ್ಚು ಮಾತಾಡ್ಬೇಡಿ."

ಮಾರನೆಯ ದಿನ ಹೊತ್ತು ಮುಳುಗುವ ಮುಂಚೆ ಅವಳು ಹೋದಳು. ಅದೇ ಬೀದಿಯ ಇನ್ನಿಬ್ಬರು ಹೋದರು. ಮುನಿಕೃಷ್ಣಪ್ಪನಿಗೆ ಏನೂ ಆಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಊರು ಮರಳಿತು. ಸೊಣ್ಣಪ್ಪ ಬೀಗ ತೆಗೆಯುವಾಗ ಅವನೂ ಜೊತೆಗಿದ್ದ. ಚಂದ್ರಿಕೆಗಳ ತುಂಬ ಗೂಡುಗಳಿದ್ದವು. ಗೋಲಿಯಂತೆ ಗಟ್ಟಿ, ಒಂದೂ ಸೊರಗಿರಲಿಲ್ಲ. ಪ್ರತಿಯೊಂದರ ತುದಿಯಲ್ಲೂ ಒಂದು ತೂತು, ಇನ್ನು ನೂಲು ತೆಗೆಯಲು ಬಾರದು. ಬಿಡಿಸುವವರಿಲ್ಲದೆ ಚಿಟ್ಟೆಗಳು ಎಳೆಯನ್ನು ಸೀಳಿಕೊಂಡು ಹೊರಗೆ ಬಂದು, ಬಾಯಿಲ್ಲದೆ ನಾಲ್ಕಾರು ದಿನ ಬದುಕಿ, ನೆಲದ ಮೇಲೆ ಉದುರಿದ್ದವು. ಕಾಲಿಟ್ಟಲ್ಲೆಲ್ಲ ಬಿಳಿಯ ರೆಕ್ಕೆಯ ಹುಡಿ. ಅವನ ಕೋಣೆಯಲ್ಲಿ ಮಂಚದ ಕೆಳಗಿನ ನಾಲ್ಕು ಬಟ್ಟಲುಗಳೂ ಒಣಗಿದ್ದವು. ಸೊಣ್ಣಪ್ಪ ಅವನ್ನು ಒಂದರೊಳಗೊಂದು ಇಟ್ಟು ಮೂಲೆಗೆ ಸರಿಸಿದ. ಯಾಕಿಟ್ಟಿದ್ದಿರಿ ಎಂದು ಕೇಳಲಿಲ್ಲ.

ಮುನಿಕೃಷ್ಣಪ್ಪ ಮತ್ತೆ ಹಲಗೆಯ ಮೇಲೆ ಬರೆಯಲಿಲ್ಲ. ಎರಡು ವರ್ಷದ ಮೇಲೆ ಶ್ರೀನಿವಾಸಪುರಕ್ಕೆ, ಅಲ್ಲಿಂದ ಕೋಲಾರಕ್ಕೆ ವರ್ಗವಾಯಿತು. ತರಗತಿಯಲ್ಲಿ ಒಂದು ವಿಷಯ ಶುರು ಮಾಡಿದರೆ ಗಂಟೆ ಹೊಡೆದರೂ ಬಿಡದೆ ಕೊನೆಯ ತನಕ ಹೇಳಿ ಮುಗಿಸುತ್ತಾರೆಂದು ಹುಡುಗರು ಗೊಣಗುತ್ತಿದ್ದರು.

ನಲವತ್ತಾರರಲ್ಲಿ ಒಮ್ಮೆ ಕೋಲಾರದ ಬಸ್ ನಿಲ್ಲುವಲ್ಲಿ ಸೊಣ್ಣಪ್ಪ ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಜೊತೆಗಿದ್ದವನಿಗೆ ಮೇಷ್ಟ್ರನ್ನು ತೋರಿಸಿ ಹೇಳಿದ: "ನಮ್ಮನೇಲೇ ಇದ್ರು. ಇವ್ರು ಹಲಗೆ ಮೇಲೆ ಬರ್ದಿದ್ರು, ಇಲಿ ತಣ್ಣಗಾದ್ರೆ ಚಿಗಟ ಇರಲ್ಲ ಅಂತ. ಎಂಥಾ ಮಾತು! ನಮ್ಮೋಳು ಮುಟ್ಟಿ ನೋಡುದ್ಲು, ಬೆಚ್ಚಗಿರೋದು ಗೊತ್ತಾಗ್ಲಿಲ್ಲ. ಅವಳ ಕೈ ಅವಳಿಗೆ ಮೋಸ ಮಾಡ್ತು. ಅಲ್ವಾ ಮೇಷ್ಟ್ರೇ?"

ಬಸ್ಸು ಬಂತು. ಮುನಿಕೃಷ್ಣಪ್ಪ ಸೊಣ್ಣಪ್ಪನ ಚೀಲವನ್ನು ಎತ್ತಿ ಒಳಗೆ ಕೊಟ್ಟ.

ಇಲಿ ತಣ್ಣಗೇ ಇತ್ತು, ಅಕ್ಕನ ಕೈ ತಪ್ಪಲಿಲ್ಲ, ತಪ್ಪಿದ್ದು ನಾನು ಅರ್ಧಕ್ಕೆ ನಿಲ್ಲಿಸಿದ ಸಾಲು ಎಂಬ ಮಾತನ್ನು ಅವನು ಆ ದಿನವೂ ಹೇಳಲಿಲ್ಲ, ಆಮೇಲೆಯೂ ಯಾರಿಗೂ ಹೇಳಲಿಲ್ಲ.